ಬೇಕರ್ ಸಿಸ್ಟ್ (ಮಂಡಿಯ ಹಿಂಬದಿಯ ದ್ರವಕೋಶ)

ಮಂಡಿಯ ಹಿಂಭಾಗದ ಕುಳಿಯಲ್ಲಿ, ಮೀನಖಂಡದ ಒಳಮಗ್ಗುಲಿನ ಸ್ನಾಯುವಿಗೂ ತೊಡೆಯಿಂದ ಇಳಿದುಬರುವ ಸ್ನಾಯುರಜ್ಜುವಿಗೂ ನಡುವಣ ಸಹಜವಾದ ಕಿರುಚೀಲವು ಸಂಧಿದ್ರವದಿಂದ ತುಂಬಿ ಉಬ್ಬುವುದರಿಂದ ಉಂಟಾಗುವ ಬಾವು. 1840ರಲ್ಲಿಯೇ ಡಬ್ಲಿನ್ನಿನ ರಾಬರ್ಟ್ ಆಡಮ್ಸನು ಇದನ್ನು ಗುರುತಿಸಿದ್ದನಾದರೂ, 1877ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಮೊರಾಂಟ್ ಬೇಕರನು ಕೀಲಿನ ರೋಗದೊಡನೆ ಇದಕ್ಕಿರುವ ಸಂಬಂಧವನ್ನು ವಿವರಿಸಿದುದರಿಂದ ಅವನ ಹೆಸರೇ ನಿಂತಿತು.

ಪ್ರೌಢರಲ್ಲಿ ಇದನ್ನು ಸ್ವತಂತ್ರ ವ್ಯಾಧಿಯೆನ್ನುವುದಕ್ಕಿಂತ ಕೀಲಿನೊಳಗಣ ವಿಕಾರದ ಸೂಚನೆಯೆನ್ನುವುದೇ ಸರಿ. ಸವೆತದ ಸಂಧಿವಾತದಿಂದಲೋ, ರುಮಟಾಯ್ಡ್ ಸಂಧಿವಾತದಿಂದಲೋ, ಮೃದ್ವಸ್ಥಿಯ ಬಿಲ್ಲೆ ಹರಿದುದರಿಂದಲೋ ಅಧಿಕವಾಗಿ ಸ್ರವಿಸಿದ ದ್ರವವು, ಏಕಮುಖ ಕವಾಟದಂತೆ ವರ್ತಿಸುವ ಕಿರುದ್ವಾರದ ಮೂಲಕ ಚೀಲವನ್ನು ಹೊಕ್ಕು, ಹಿಂದಿರುಗಲಾರದೆ ಅಲ್ಲಿಯೇ ಸಂಚಯವಾಗುತ್ತದೆ. ಕಾಲನ್ನು ನೀಡಿದಾಗ ಬಿಗಿಯುವ ಬಾವು ಮಡಿಸಿದಾಗ ಮೆತ್ತಗಾಗುವುದು. ಮಕ್ಕಳಲ್ಲಿ ಬಹುಮಟ್ಟಿಗೆ ಕೀಲಿನ ರೋಗವಿಲ್ಲದೆಯೇ ಕಾಣಿಸಿಕೊಂಡು ತಾನಾಗಿ ಅಡಗುವುದು.

ಚೀಲವು ಒಡೆದು ದ್ರವವು ಮೀನಖಂಡಕ್ಕೆ ಇಳಿದಾಗ ಹುಟ್ಟುವ ತೀವ್ರವಾದ ನೋವೂ ಊತವೂ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಸ್ಥಿತಿಯನ್ನೇ ಹೋಲುವುದರಿಂದ, ಪ್ರಾಣಾಪಾಯಕರವಾದ ಆ ಸ್ಥಿತಿಯಿಲ್ಲವೆಂದು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಖಚಿತವಾಗುವ ಮುನ್ನ ಕಾಲನ್ನು ತಿಕ್ಕಿ ನೀವುವುದು ಸರ್ವಥಾ ಸಲ್ಲದು. ಮಿಡಿಯುವ ಬಾವಾದರೋ ಅಪಧಮನಿಯ ಉಬ್ಬಾಗಿರಬಹುದು. ಸೂಜಿಯಿಂದ ದ್ರವವನ್ನು ಹೊರತೆಗೆದರೂ ಮೂಲವಿಕಾರವು ಉಳಿದಿದ್ದರೆ ಬಾವು ಮರುಕಳಿಸುವುದರಿಂದ ಕೀಲಿನ ಚಿಕಿತ್ಸೆಯೇ ಪ್ರಧಾನ. ನೋವಿಲ್ಲದ ಸಣ್ಣ ಬಾವಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗದು.