ಯೋಧನ ಪದಕವೂ ದಾಖಲೆಯ ಸತ್ಯವೂ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊಟ್ಟಮೊದಲು ಆಧಾರವಾಗುವುವು ಜ್ಞಾನಸ್ನಾನ, ವಿವಾಹ ಹಾಗೂ ಮರಣಗಳ ದಾಖಲೆ ಪುಸ್ತಕಗಳು. ಆ ಹಳೆಯ ಹಾಳೆಗಳ ಅಂಚಿನಲ್ಲಿ, ಮುಂದಿನ ಕಾಲದ ವಿಚಾರಣಾ ಗುರುಗಳು ಬೇರೆ ಶಾಯಿಯಲ್ಲಿ ಬರೆದ ಪುಟ್ಟ ಟಿಪ್ಪಣಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಜ್ಞಾನಸ್ನಾನ ಪಡೆದ ಮಗುವಿನ ದೃಢೀಕರಣ, ವಿವಾಹ, ಗುರುದೀಕ್ಷೆ ಇವೆಲ್ಲವನ್ನೂ ಅದೇ ನಮೂದಿನ ಪಕ್ಕದಲ್ಲಿ ಸೇರಿಸುತ್ತ ಹೋಗುವುದು ಧರ್ಮಸಭೆಯ ಪದ್ಧತಿ. ಮೊದಲು ಬರೆದದ್ದನ್ನು ಅಳಿಸುವುದಿಲ್ಲ. ಬಿಟ್ಟುಹೋದ ಸತ್ಯವನ್ನು ಅದರ ಮಗ್ಗುಲಲ್ಲಿ ನಿಲ್ಲಿಸಲಾಗುತ್ತದೆ. ಬದುಕು ಪತ್ರಕ್ಕಿಂತ ದೊಡ್ಡದೆಂಬುದನ್ನು ಒಪ್ಪಿಕೊಂಡೇ, ಪತ್ರವು ಬದುಕಿಗೆ ಸಾಕ್ಷಿಯಾಗಬೇಕೆಂದು ಬಯಸುವ ಕ್ರಮವಿದು.

ಸೈನಿಕನ ಸೇವಾ ದಾಖಲೆಯ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿ ಮನೆಗೆ ಮರಳಿದವನ ಬಿಡುಗಡೆ ಪತ್ರದಲ್ಲಿ ಅವನಿಗೆ ಸಲ್ಲಬೇಕಾದ ಪದಕವೊಂದು ನಮೂದಾಗದೆ ಹೋದರೆ ಅದನ್ನು ಸೇರಿಸುವವರಾರು? ಯಾವ ಸಾಕ್ಷ್ಯದ ಮೇಲೆ? ಎಷ್ಟು ಕಾಲದೊಳಗೆ? ಈ ಪ್ರಶ್ನೆಗಳಿಗೆ ಕಾನೂನಿನ ಮೂಲಕ ಉತ್ತರ ಕಂಡುಕೊಂಡ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೂ ಒಂದು. ಅಲ್ಲಿನ ಅನುಭವವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ. ಅದರಲ್ಲಿ ಒಬ್ಬ ಕಥೋಲಿಕ ಗುರುವಿನ ಕಥೆಯೂ ಸೇರಿರುವುದರಿಂದ ನಮ್ಮ ಓದುಗರಿಗೆ ಅದು ಪರಕೀಯವೆನಿಸದು.

ಮೊದಲಿಗೆ, ಪದಕದ ವಿಷಯದಲ್ಲಿ ಸರ್ಕಾರಗಳು ಇಷ್ಟೊಂದು ಬಿಗಿಯಾಗಿರುವುದೇಕೆ ಎಂಬುದನ್ನು ತಿಳಿಯಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಮೇನ್ ರಾಜ್ಯದ 27ನೆಯ ಪದಾತಿ ದಳದವರ ಸೇವಾವಧಿ ಮುಗಿಯುತ್ತ ಬಂದಿತ್ತು. ರಾಜಧಾನಿಯ ರಕ್ಷಣೆಗಾಗಿ ಇನ್ನು ಕೆಲವು ದಿನ ನಿಲ್ಲುವವರಿಗೆ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಕೊಡುವುದಾಗಿ ಹೇಳಲಾಯಿತು. ನಿಂತವರು ಸುಮಾರು 300 ಮಂದಿ. ಆದರೆ ಪದಕಗಳು ಸಿದ್ಧವಾದುವು ಇಡೀ ದಳಕ್ಕೆ, 864! ಇಂತಹ ಗೊಂದಲಗಳನ್ನು ನಿವಾರಿಸಲು ನಿವೃತ್ತ ಸೇನಾಪತಿಗಳ ಮಂಡಳಿಯೊಂದು 1916 ಮತ್ತು 1917ರಲ್ಲಿ ಹಳೆಯ ಪದಕಗಳನ್ನೆಲ್ಲ ಪರಿಶೀಲಿಸಿ 911 ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಿತು.

ಆದರೆ ಕಳೆ ಕೀಳುವಾಗ ಪೈರೂ ಕಿತ್ತುಬರುವುದುಂಟು. ತೆಗೆದುಹಾಕಿದ ಹೆಸರುಗಳಲ್ಲಿ ಡಾಕ್ಟರ್ ಮೇರಿ ವಾಕರ್ ಅವರದೂ ಒಂದು. ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿ, 1864ರಲ್ಲಿ ಶತ್ರುಗಳ ಸೆರೆಯಲ್ಲಿ ನಾಲ್ಕು ತಿಂಗಳು ಕಳೆದ ಆ ಮಹಿಳೆಗೆ 1865ರಲ್ಲಿ ಪದಕ ದೊರೆತಿತ್ತು. ಆಕೆ ವಿಧಿವತ್ತಾಗಿ ನೇಮಕಗೊಂಡ ಸೇನಾಧಿಕಾರಿಯಾಗಿರಲಿಲ್ಲ ಎಂಬುದೇ ಅಡ್ಡಿಯಾಯಿತು. ಆಕೆ ಪದಕವನ್ನು ಹಿಂದಿರುಗಿಸಲಿಲ್ಲ. 1919ರಲ್ಲಿ ಮರಣ ಹೊಂದುವವರೆಗೂ ಧರಿಸಿಯೇ ಇದ್ದರು. ಕೊನೆಗೆ 1977ರಲ್ಲಿ ಸೇನೆಯು ಆ ಗೌರವವನ್ನು ಆಕೆಗೆ ಮರಳಿ ಸಲ್ಲಿಸಿತು. ಅಷ್ಟರಲ್ಲಿ ಅರವತ್ತು ವರ್ಷಗಳು ಉರುಳಿದ್ದುವು. ದಾಖಲೆಯನ್ನು ಶುದ್ಧಗೊಳಿಸುವ ಕೆಲಸದಲ್ಲಿಯೂ ಅನ್ಯಾಯ ನುಸುಳಬಹುದು. ಆದ್ದರಿಂದ ತಿದ್ದಿದ್ದನ್ನು ಮತ್ತೆ ತಿದ್ದಲು ಬಾಗಿಲೊಂದು ತೆರೆದಿರಬೇಕು.

ಆ ಬಾಗಿಲು ಬಹುಕಾಲ ಬಡವರಿಗೆ ಎಟುಕುವಂತಿರಲಿಲ್ಲ. ಸೈನಿಕನ ದಾಖಲೆಯಲ್ಲಿನ ಅನ್ಯಾಯವನ್ನು ಸರಿಪಡಿಸಬೇಕಾದರೆ ಅವನೊಬ್ಬನಿಗಾಗಿಯೇ ಸಂಸತ್ತಿನಲ್ಲಿ ಖಾಸಗಿ ಮಸೂದೆ ಅಂಗೀಕಾರವಾಗಬೇಕಾಗಿತ್ತು. ಪ್ರತಿನಿಧಿಗಳ ಪರಿಚಯವಿದ್ದವನಿಗೆ ದಾರಿ, ಇಲ್ಲದವನಿಗೆ ಮೌನ. 1946ರ ಶಾಸನವು ಇಂತಹ ಖಾಸಗಿ ಮಸೂದೆಗಳನ್ನು ನಿಷೇಧಿಸಿ, ತಪ್ಪನ್ನು ತಿದ್ದುವ ಹಾಗೂ ಅನ್ಯಾಯವನ್ನು ನಿವಾರಿಸುವ ಅಧಿಕಾರವನ್ನು ಸೇನಾ ಇಲಾಖೆಗಳಿಗೆ ಕೊಟ್ಟಿತು. ಈ ಅಧಿಕಾರವನ್ನು ನಡೆಸುವವರು ಸಮವಸ್ತ್ರದ ಅಧಿಕಾರಿಗಳಲ್ಲ, ನಾಗರಿಕ ಸದಸ್ಯರ ಮಂಡಳಿ. ತಪ್ಪು ತಿಳಿದುಬಂದ ಮೂರು ವರ್ಷಗಳೊಳಗೆ ಮನವಿ ಸಲ್ಲಿಸಬೇಕೆಂಬುದು ನಿಯಮ. ನ್ಯಾಯದ ಹಿತದೃಷ್ಟಿಯಿಂದ ಆ ವಿಳಂಬವನ್ನು ಮನ್ನಿಸುವ ಅವಕಾಶವೂ ಮಂಡಳಿಗೆ ಉಂಟು. ಆದರೆ ಮಂಡಳಿ ತಾನಾಗಿ ತನಿಖೆಗೆ ಹೊರಡುವುದಿಲ್ಲ. ಸೇನೆ ಬರೆದದ್ದು ಸರಿಯೆಂಬ ಭಾವನೆಯಿಂದಲೇ ಅದು ಆರಂಭಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು.

ಇಷ್ಟಕ್ಕೂ ಪದಕವು ದಾಖಲೆಯಿಂದ ಬಿಟ್ಟುಹೋಗುವುದು ಹೇಗೆ? ಎಲ್ಲ ಸಂದರ್ಭಗಳಲ್ಲಿಯೂ ಗುಮಾಸ್ತನ ಅಲಕ್ಷ್ಯವೇ ಕಾರಣವಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಭೂಸೇನೆಯ ಸಂಖ್ಯೆ 80 ಲಕ್ಷವನ್ನು ಮೀರಿತ್ತು. 1946ರ ಮಧ್ಯಭಾಗಕ್ಕೆ ಅದು 20 ಲಕ್ಷಕ್ಕೂ ಕಡಿಮೆಯಾಯಿತು. ಅಷ್ಟು ಜನರನ್ನು ಅಷ್ಟು ಬೇಗ ಮನೆಗೆ ಕಳುಹಿಸುವ ಅವಸರದಲ್ಲಿ ತಯಾರಾದ ಪತ್ರಗಳಲ್ಲಿ ಲೋಪಗಳಿರುವುದು ಆಶ್ಚರ್ಯವಲ್ಲ. 1945ರಲ್ಲಿ ಯಾರು ಮೊದಲು ಬಿಡುಗಡೆಯಾಗಬೇಕೆಂಬುದನ್ನು ಅಂಕಗಳ ಮೂಲಕ ನಿರ್ಧರಿಸುತ್ತಿದ್ದರು: ಸೇವೆಯ ತಿಂಗಳಿಗೊಂದು ಅಂಕ, ಸಾಗರದಾಚೆ ಕಳೆದ ತಿಂಗಳಿಗೆ ಇನ್ನೊಂದು, ಪ್ರತಿ ಶೌರ್ಯ ಪದಕಕ್ಕೆ 5, ಪ್ರತಿ ಮಗುವಿಗೆ 12. ಆರಂಭದಲ್ಲಿ 85 ಅಂಕ ಬೇಕಾಗಿತ್ತು. ನಮೂದಾಗದ ಪದಕವೆಂದರೆ ಆ ದಿನಗಳಲ್ಲಿ ಮಡದಿ ಮಕ್ಕಳ ಮುಖ ಕಾಣುವುದು ತಡವಾಗುವುದೆಂದೇ ಅರ್ಥವಾಗಬಹುದಿತ್ತು.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಪದಾತಿ ಸೈನಿಕರಾಗಿ ನೇರವಾಗಿ ಕಾದಾಡಿದವರಿಗೆ ಕಾಂಬ್ಯಾಟ್ ಇನ್‌ಫೆಂಟ್ರಿಮನ್ ಬ್ಯಾಡ್ಜ್ ಎಂಬ ಬಿಲ್ಲೆಯನ್ನು ಕೊಡಲಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಬಿಲ್ಲೆಯನ್ನು ಗಳಿಸಿದವರೆಲ್ಲರೂ ಬ್ರಾಂಜ್ ಸ್ಟಾರ್ ಪದಕಕ್ಕೂ ಅರ್ಹರೆಂದು 1947ರಲ್ಲಿ ನಿರ್ಧಾರವಾಯಿತು. ಆ ವೇಳೆಗೆ ಅವರಲ್ಲಿ ಬಹುಮಂದಿ ಸಮವಸ್ತ್ರ ಕಳಚಿಟ್ಟು ಹೊಲಗದ್ದೆಗಳಿಗೂ ಕಾರ್ಖಾನೆಗಳಿಗೂ ಮರಳಿದ್ದರು. ಅವರ ಬಿಡುಗಡೆ ಪತ್ರವು ಸಹಿಯಾದ ದಿನ ಸತ್ಯವೇ ಆಗಿತ್ತು. ಹಕ್ಕು ಹುಟ್ಟಿದ್ದು ಆಮೇಲೆ. ತಾವು ಅರ್ಹರೆಂಬುದನ್ನೇ ಅರಿಯದೆ ಕಣ್ಣುಮುಚ್ಚಿದವರೂ ಉಂಟು. ಯುದ್ಧಕೈದಿಗಳ ಪದಕವೂ ಹಾಗೆಯೇ. ಅದು ಸ್ಥಾಪನೆಯಾದದ್ದು 1985ರಲ್ಲಿ. ಅರ್ಹತೆಯಾದರೋ 1917ರಿಂದ ಸೆರೆಸಿಕ್ಕವರಿಗೆಲ್ಲ ಅನ್ವಯಿಸುತ್ತದೆ.

ಇಂತಹ ಸರಳ ಪ್ರಕರಣಗಳಲ್ಲಿ ಮಂಡಳಿಯವರೆಗೆ ಹೋಗಬೇಕಾಗಿಲ್ಲ. ಅರ್ಹತೆಯು ದಾಖಲೆಯಿಂದಲೇ ಸ್ಪಷ್ಟವಾದರೆ ಸೇನೆಯ ಕಛೇರಿಯೇ ತಿದ್ದುಪಡಿ ಮಾಡುತ್ತದೆ. 1950ರಿಂದ ಬಳಕೆಯಲ್ಲಿರುವ ಬಿಡುಗಡೆ ಪತ್ರಕ್ಕೆ ಡಿಡಿ-214 ಎಂದು ಹೆಸರು. ಅದರಲ್ಲಿ ಬಿಟ್ಟುಹೋದದ್ದನ್ನು ಸೇರಿಸಲು ಡಿಡಿ-215 ಎಂಬ ಮತ್ತೊಂದು ಪತ್ರವನ್ನು ಕೊಡುತ್ತಾರೆ. ಹಳೆಯ ಪತ್ರವನ್ನು ಹರಿದುಹಾಕುವುದಿಲ್ಲ. ಹೊಸದು ಅದರ ಜೊತೆ ಸೇರಿಕೊಳ್ಳುತ್ತದೆ. ನಮ್ಮ ಜ್ಞಾನಸ್ನಾನ ಪುಸ್ತಕದ ಅಂಚಿನ ಟಿಪ್ಪಣಿಯನ್ನೇ ಇದು ನೆನಪಿಗೆ ತರುವುದಿಲ್ಲವೇ?

ಆದರೆ ಮೂಲ ದಾಖಲೆಯೇ ಇಲ್ಲವಾದರೆ ಗತಿಯೇನು? 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಬಳಿಯಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೆಯ ಅಂತಸ್ತಿಗೆ ಬೆಂಕಿ ಬಿದ್ದಿತು. 160 ಲಕ್ಷದಿಂದ 180 ಲಕ್ಷದಷ್ಟು ಕಡತಗಳು ನಾಶವಾದುವು. 1912ರ ನವೆಂಬರಿನಿಂದ 1960ರ ಜನವರಿಯವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ 80ರಷ್ಟು ಬೂದಿಯಾದುವು. ಎರಡು ಮಹಾಯುದ್ಧಗಳೂ ಕೊರಿಯಾ ಯುದ್ಧವೂ ಈ ಅವಧಿಯೊಳಗೇ ಬರುತ್ತವೆ. ಅವುಗಳಿಗೆ ಪ್ರತಿಗಳಿರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಪೂರ್ಣವಾದ ಸೂಚಿಯೂ ಇರಲಿಲ್ಲ. ನೀರಿನಲ್ಲಿ ತೊಯ್ದು ಅಂಚು ಸುಟ್ಟ ಹಾಳೆಗಳನ್ನು ವಿಮಾನ ಕಾರ್ಖಾನೆಯೊಂದರ ನಿರ್ವಾತ ಕೋಣೆಯಲ್ಲಿ ಒಣಗಿಸಿ ಉಳಿಸಿಕೊಳ್ಳಲಾಯಿತು. ಕಡತ ಕಳೆದುಕೊಂಡವರ ಸೇವೆಯನ್ನು ಬೇರೆ ಮೂಲಗಳಿಂದ ಮತ್ತೆ ಕಟ್ಟಬೇಕಾಯಿತು: ಕೊನೆಯ ಸಂಬಳದ ರಸೀದಿ, ತುಕಡಿಯ ದಿನವಹಿ ವರದಿ, ಆಸ್ಪತ್ರೆಯ ದಾಖಲಾತಿ. ಇವುಗಳ ಜೊತೆಗೆ, ಮನೆಯ ಪೆಟ್ಟಿಗೆಯಲ್ಲಿ ಯಾರೋ ಜೋಪಾನವಾಗಿ ಇಟ್ಟಿದ್ದ ಬಿಡುಗಡೆ ಪತ್ರಕ್ಕೆ ಸರ್ಕಾರದ ಕಡತಕ್ಕಿಂತ ಹೆಚ್ಚಿನ ಬೆಲೆ ಬಂದಿತು.

ಪತ್ರಗಳಿದ್ದೂ ನ್ಯಾಯ ತಡವಾದ ಪ್ರಸಂಗವೂ ಉಂಟು. ಕೆಂಟಕಿ ರಾಜ್ಯದ ಒಕ್ಕಲು ಮನೆತನದ ಗಾರ್ಲಿನ್ ಕಾನರ್ 1945ರ ಜನವರಿ 24ರಂದು ಫ್ರಾನ್ಸಿನ ಹೂಸೆನ್ ಬಳಿ ಟೆಲಿಫೋನ್ ತಂತಿಯನ್ನು ಎಳೆದುಕೊಂಡು ಒಬ್ಬರೇ ಮುಂದೆ ಸಾಗಿದರು. ಆಳವಿಲ್ಲದ ಒಂದು ಹಳ್ಳದಲ್ಲಿ ಮಲಗಿ, ಮೂರು ಗಂಟೆಗಳ ಕಾಲ ತಮ್ಮವರ ಫಿರಂಗಿಗಳಿಗೆ ಗುರಿ ತೋರಿಸಿದರು. ಶತ್ರುಗಳು ಮೈಮೇಲೆ ಬಂದಾಗ ತಾವಿದ್ದ ಸ್ಥಳಕ್ಕೇ ಗುಂಡು ಹಾರಿಸುವಂತೆ ಕೇಳಿಕೊಂಡರು. ಆ ಕಾರ್ಯಕ್ಕೆ ಎರಡನೆಯ ದರ್ಜೆಯ ಪದಕ ದೊರೆಯಿತು. ಅವರು ಊರಿಗೆ ಮರಳಿ ಬೇಸಾಯ ಮಾಡಿದರು; ಇತರ ಮಾಜಿ ಸೈನಿಕರಿಗೆ ಪಿಂಚಣಿ ದೊರಕಿಸಿಕೊಡಲು ಪತ್ನಿಯೊಡನೆ ಓಡಾಡಿದರು; ತಮ್ಮ ಸಾಹಸವನ್ನು ಮಾತ್ರ ಆಡಿಕೊಳ್ಳಲಿಲ್ಲ. ಅವರ ಪರವಾದ ಮೊದಲ ಮನವಿ 1997ರಲ್ಲಿ ತಿರಸ್ಕೃತವಾಯಿತು. 1998ರಲ್ಲಿ ಅವರು ತೀರಿಕೊಂಡರು. ಬಳಿಕ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳು ದೊರೆತರೂ, 2014ರಲ್ಲಿ ನ್ಯಾಯಾಲಯವು ಕಾಲಮಿತಿ ಮೀರಿತೆಂದು ತೀರ್ಪಿತ್ತಿತು. ಅವರ ವೃದ್ಧ ಪತ್ನಿ ಕೈಚೆಲ್ಲಲಿಲ್ಲ. ಮೇಲ್ಮನವಿಯ ಹಂತದಲ್ಲಿ ಸಂಧಾನ ನಡೆದು ವಿಷಯ ಮತ್ತೆ ತಿದ್ದುಪಡಿ ಮಂಡಳಿಗೆ ಬಂದಿತು; 2015ರಲ್ಲಿ ಮಂಡಳಿ ಅನುಕೂಲವಾಗಿ ನುಡಿಯಿತು; 2018ರ ಜೂನ್ 26ರಂದು ಮೆಡಲ್ ಆಫ್ ಆನರ್ ಅನ್ನು ಆಕೆ ಪತಿಯ ಪರವಾಗಿ ಸ್ವೀಕರಿಸಿದರು. ಯೋಧನ ಕಾಳಗ ಮೂರು ಗಂಟೆಗಳದು. ದಾಖಲೆಯ ಕಾಳಗ ಎರಡು ದಶಕಗಳದು.

ಇನ್ನು ನಮ್ಮವರೇ ಆದ ಫಾದರ್ ಎಮಿಲ್ ಕಪಾನ್ ಅವರ ವಿಷಯ. ಕನ್ಸಾಸ್ ರಾಜ್ಯದ ಪಿಲ್ಸೆನ್ ಎಂಬ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿ, 1940ರಲ್ಲಿ ಗುರುದೀಕ್ಷೆ ಪಡೆದ ಇವರು ಎರಡನೆಯ ಮಹಾಯುದ್ಧದ ಕಡೆಯ ಭಾಗದಲ್ಲಿ ಸೇನಾ ಗುರುಗಳಾಗಿ ಬರ್ಮಾ ಹಾಗೂ ಭಾರತದಲ್ಲಿಯೂ ಸೇವೆ ಸಲ್ಲಿಸಿದ್ದರು. 1950ರ ನವೆಂಬರಿನಲ್ಲಿ ಕೊರಿಯಾದ ಉನ್ಸಾನ್ ಎಂಬಲ್ಲಿ ಪಾರಾಗುವ ಅವಕಾಶವಿದ್ದರೂ ಗಾಯಾಳುಗಳನ್ನು ಬಿಟ್ಟುಹೋಗಲೊಲ್ಲದೆ ಸೆರೆಯಾದರು. ಗುಂಡಿಗೆ ಬಲಿಯಾಗಲಿದ್ದ ಗಾಯಾಳುವೊಬ್ಬನನ್ನು, ಬಂದೂಕು ಹಿಡಿದ ಶತ್ರುವನ್ನು ಪಕ್ಕಕ್ಕೆ ಸರಿಸಿ, ಎತ್ತಿಕೊಂಡು ನಡೆದರು. ಸೆರೆಶಿಬಿರದಲ್ಲಿ ಹಸಿದವರಿಗಾಗಿ ಆಹಾರ ಕದ್ದು ತಂದರು, ರೋಗಿಗಳ ಬಟ್ಟೆ ಒಗೆದರು, ಪ್ರಾರ್ಥನೆ ನಡೆಸಿದರು. 1951ರ ಮೇ 23ರಂದು, 35ನೆಯ ವಯಸ್ಸಿನಲ್ಲಿ, ಅಲ್ಲಿಯೇ ಪ್ರಾಣಬಿಟ್ಟರು.

ಇವರ ಕಾರ್ಯವನ್ನು ದಾಖಲಿಸಿಕೊಳ್ಳಲು ಆ ಶಿಬಿರದಲ್ಲಿ ಯಾವ ಗುಮಾಸ್ತನೂ ಇರಲಿಲ್ಲ. 1953ರಲ್ಲಿ ಬಿಡುಗಡೆಯಾಗಿ ಬಂದ ಕೈದಿಗಳೇ ಸಾಕ್ಷಿಗಳಾದರು. ಅವರಲ್ಲಿ ಕಥೋಲಿಕರಿದ್ದರು, ಪ್ರೊಟೆಸ್ಟೆಂಟರಿದ್ದರು. ಯೆಹೂದ್ಯನೊಬ್ಬನು ತಾನು ಕಂಡೇ ಇರದ ಈ ಗುರುವಿನ ನೆನಪಿಗೆ ಶಿಬಿರದಲ್ಲೇ ಮರದ ಶಿಲುಬೆಯೊಂದನ್ನು ಕೆತ್ತಿದ್ದನು. ಅವರ ಮಾತು ಅರವತ್ತು ವರ್ಷ ನಿಲ್ಲಲಿಲ್ಲ. ಕಾಲಮಿತಿಯನ್ನು ಸಡಿಲಿಸಿದ ಬಳಿಕ 2013ರ ಏಪ್ರಿಲ್ 11ರಂದು ಫಾದರ್ ಕಪಾನ್ ಅವರಿಗೆ ಮೆಡಲ್ ಆಫ್ ಆನರ್ ಸಂದಿತು. ಹವಾಯಿಯ ಸೈನಿಕ ಸ್ಮಶಾನದಲ್ಲಿ ಅನಾಮಧೇಯರಾಗಿ ಮಲಗಿದ್ದ ಅವರ ಅಸ್ಥಿಗಳನ್ನು ಹಲ್ಲಿನ ದಾಖಲೆ ಮತ್ತು ವಂಶವಾಹಿ ಪರೀಕ್ಷೆಗಳ ಮೂಲಕ 2021ರಲ್ಲಿ ಗುರುತಿಸಿ ಸ್ವಂತ ಧರ್ಮಕ್ಷೇತ್ರವಾದ ವಿಚಿಟಾಕ್ಕೆ ತರಲಾಯಿತು. 2025ರ ಫೆಬ್ರವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಇವರನ್ನು ಪೂಜ್ಯರೆಂದು ಘೋಷಿಸುವ ಆಜ್ಞೆಗೆ ಒಪ್ಪಿಗೆಯಿತ್ತರು.

ಫಾದರ್ ಕಪಾನ್ ಅವರಿಗೆ ಪದಕದ ಅಗತ್ಯವಿತ್ತೇ ಎಂದು ಯಾರಾದರೂ ಕೇಳಬಹುದು. ಗುಪ್ತವಾಗಿ ಮಾಡಿದ ದಾನವನ್ನು ಕಾಣುವ ತಂದೆಯ ಪುಸ್ತಕದಲ್ಲಿ ತಿದ್ದುಪಡಿಯ ಅಗತ್ಯವಿಲ್ಲ ನಿಜ. ಆದರೆ ಮನುಷ್ಯರ ಪುಸ್ತಕಗಳನ್ನು ಮನುಷ್ಯರೇ ಸರಿಯಾಗಿಡಬೇಕು. ಬಿಟ್ಟುಹೋದ ಪದಕವನ್ನು ಕೇಳುವುದು ಜಂಬವಲ್ಲ. ಅದು ಸುಳ್ಳು ಸಾಕ್ಷಿ ಹೇಳಬಾರದೆಂಬ ಕಟ್ಟಳೆಯ ಇನ್ನೊಂದು ಮುಖ. ಬಹುತೇಕ ಯೋಧರು ತಮಗಾಗಿ ಕೇಳುವುದಿಲ್ಲವಾದ್ದರಿಂದ ಆ ಹೊಣೆ ಉಳಿದವರ ಮೇಲೆ ಬೀಳುತ್ತದೆ.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಸಂಖ್ಯೆ 25 ಲಕ್ಷಕ್ಕೆ ಮುಟ್ಟಿತ್ತು. ನಮ್ಮ ಸೈನಿಕರ ಸೇವಾ ದಾಖಲೆಗಳು ಆಯಾ ದಳದ ರೆಕಾರ್ಡ್ಸ್ ಕಛೇರಿಗಳಲ್ಲಿರುತ್ತವೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ. ವಿಚಾರಿಸಲು ಹೊರಟವರಿಗೆ ಮೊದಲು ಬೇಕಾಗುವುದು ಸೈನಿಕನ ಸಂಖ್ಯೆ, ದಳದ ಹೆಸರು ಮತ್ತು ಬಿಡುಗಡೆ ಪುಸ್ತಕ. ಅಜ್ಜನ ಟ್ರಂಕಿನ ತಳದಲ್ಲಿರುವ ಹಳದಿ ಕಾಗದವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದೋಣ. ಅದರ ಪ್ರತಿಯೊಂದನ್ನು ಮಾಡಿಸಿ ಬೇರೆಡೆ ಇಡೋಣ. ಬದುಕಿರುವ ಹಿರಿಯರ ಬಾಯಿಂದ ಊರು, ತಾರೀಖು, ಒಡನಾಡಿಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳೋಣ. ಬೆಂಕಿ, ಗೆದ್ದಲು, ಮರೆವು ಈ ಮೂರರಲ್ಲಿ ಮರೆವೊಂದನ್ನಾದರೂ ತಡೆಯುವುದು ನಮ್ಮ ಕೈಯಲ್ಲಿದೆ.