ಅಖಂಡ ಜೀವದಯೆ: ಯುದ್ಧ, ಗರ್ಭಪಾತ, ಮರಣದಂಡನೆಗಳಿಗೆ ಒಂದೇ ಅಳತೆಗೋಲು

ಗರ್ಭದಲ್ಲಿರುವ ಕೂಸು, ರಣರಂಗದಲ್ಲಿ ನಿಂತ ಸೈನಿಕ, ಗಲ್ಲಿಗೆ ಗುರಿಯಾದ ಅಪರಾಧಿ, ಹಾಸಿಗೆ ಹಿಡಿದ ವೃದ್ಧ, ಹಸಿವಿನಿಂದ ಬಳಲುವ ಬಡವ ಇವರೆಲ್ಲರ ಪ್ರಾಣಕ್ಕೂ ಒಂದೇ ಬೆಲೆಯೆಂದು ನಂಬಿ, ಎಲ್ಲ ಬಗೆಯ ಪ್ರಾಣಹಾನಿಯನ್ನೂ ಒಂದೇ ನಿಲುವಿನಿಂದ ವಿರೋಧಿಸುವ ವಿಚಾರಧಾರೆಯನ್ನು ಕನ್ನಡದಲ್ಲಿ ‘ಅಖಂಡ ಜೀವದಯಾ ನೀತಿ’ ಎನ್ನಬಹುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಕ್ಯಾಥೊಲಿಕ್ ಕ್ರೈಸ್ತ ಸಮಾಜದಲ್ಲಿ ಇದು ರೂಪುಗೊಂಡಿತು. ದಯೆಗೆ ಧರ್ಮದಲ್ಲಿ ಅಗ್ರಸ್ಥಾನವಿತ್ತ ಬಸವಾದಿ ಶರಣರ ಅನುಯಾಯಿಗಳಾದ ನಮಗೂ ಇದು ಮನನಯೋಗ್ಯವಾದ ವಿಷಯವಾಗಿದೆ.

ಉಗಮ

ಯೇಸುಕ್ರಿಸ್ತನು ಶಿಲುಬೆಗೇರುವ ಮುನ್ನ ತೊಟ್ಟಿದ್ದ ಅಂಗಿಯು ಹೊಲಿಗೆಯಿಲ್ಲದೆ ಒಂದೇ ಹಾಸಾಗಿ ನೇಯ್ದುದಾಗಿತ್ತು. ಆದುದರಿಂದ ಸೈನಿಕರು ಅದನ್ನು ಹರಿದು ಹಂಚಿಕೊಳ್ಳಲಿಲ್ಲ ಎಂದು ಯೋಹಾನನ ಸುವಾರ್ತೆಯು ತಿಳಿಸುತ್ತದೆ. ಶಾಂತಿವಾದಿಯೂ ಮದರ್ ತೆರೇಸಾ ಅವರ ಒಡನಾಡಿಯೂ ಆಗಿದ್ದ ಐಲೀನ್ ಈಗನ್ 1971ರಲ್ಲಿ ಈ ವಸ್ತ್ರದ ರೂಪಕವನ್ನು ಜೀವರಕ್ಷಣೆಗೆ ಅನ್ವಯಿಸಿದರು. ಪ್ರಾಣದ ಮೇಲಣ ಗೌರವವೂ ಆ ವಸ್ತ್ರದಂತೆಯೇ. ಒಂದೆಡೆ ಹರಿದರೆ ಇಡಿಯಾಗಿ ಕೆಡುತ್ತದೆ ಎಂಬುದು ಅದರ ತಾತ್ಪರ್ಯ.

ಅದು ಅಮೆರಿಕದಲ್ಲಿ ಪ್ರಾಣದ ಪ್ರಶ್ನೆಗಳು ಒಂದರ ಹಿಂದೊಂದು ಎದ್ದ ಕಾಲ. ವಿಯೆಟ್ನಾಂ ಯುದ್ಧ ನಡೆದಿತ್ತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಂವಿಧಾನಾತ್ಮಕ ಹಕ್ಕೆಂದು ಸಾರಿತು. 1976ರಲ್ಲಿ ಮರಣದಂಡನೆಗೆ ಮತ್ತೆ ದಾರಿ ತೆರೆಯಿತು. ಜೊತೆಗೆ ಅಣ್ವಸ್ತ್ರಗಳ ಪೈಪೋಟಿಯೂ ಸಾಗಿತ್ತು. ಗರ್ಭಪಾತವನ್ನು ವಿರೋಧಿಸಿದವರಲ್ಲಿ ಅನೇಕರು ಶಸ್ತ್ರಾಸ್ತ್ರಗಳನ್ನೂ ಗಲ್ಲುಶಿಕ್ಷೆಯನ್ನೂ ಬೆಂಬಲಿಸಿದರು. ಯುದ್ಧವನ್ನು ವಿರೋಧಿಸಿದವರಲ್ಲಿ ಅನೇಕರು ಗರ್ಭಸ್ಥ ಶಿಶುವಿನ ವಿಷಯದಲ್ಲಿ ಮೌನ ತಾಳಿದರು.

ಕಾರ್ಡಿನಲ್ ಬರ್ನಾರ್ಡಿನ್ ಅವರ ಪ್ರತಿಪಾದನೆ

ಈ ಎರಡು ಪಕ್ಷಗಳ ನಡುವೆ ನಿಂತವರು ಷಿಕಾಗೊ ನಗರದ ಆರ್ಚ್‌ಬಿಷಪ್ ಜೋಸೆಫ್ ಬರ್ನಾರ್ಡಿನ್ (1928–1996). ಅಣ್ವಸ್ತ್ರಗಳ ಕುರಿತು ಅಮೆರಿಕದ ಬಿಷಪ್‌ಗಳು 1983ರ ಮೇ ತಿಂಗಳಲ್ಲಿ ಹೊರಡಿಸಿದ ಶಾಂತಿಪತ್ರದ ಕರಡು ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಅದೇ ವರ್ಷ ಡಿಸೆಂಬರ್ 6ರಂದು ನ್ಯೂಯಾರ್ಕ್‌ನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಗರ್ಭಪಾತ, ಯುದ್ಧ ಮತ್ತು ಮರಣದಂಡನೆಗಳನ್ನು ಒಂದೇ ನೀತಿಸೂತ್ರದಲ್ಲಿ ಪೋಣಿಸಿದರು. ಈ ಪ್ರಶ್ನೆಗಳೆಲ್ಲವೂ ಒಂದೇ ತೂಕದವಲ್ಲ, ಒಂದೊಂದನ್ನೂ ಬೇರೆಬೇರೆಯಾಗಿಯೇ ವಿಚಾರಿಸಬೇಕು; ಆದರೂ ಅವುಗಳ ಬೇರು ಒಂದೇ ಎಂಬುದು ಅವರ ವಾದವಾಗಿತ್ತು. ಹುಟ್ಟದ ಶಿಶುವಿನ ಪರ ನಿಲ್ಲುವವನು ಹುಟ್ಟಿದ ಮೇಲೆ ಹಸಿದವರ, ಮನೆಯಿಲ್ಲದವರ, ವೃದ್ಧರ ಪರವಾಗಿಯೂ ನಿಲ್ಲಬೇಕೆಂದು ಅವರು ಒತ್ತಿ ಹೇಳಿದರು.

ಟೀಕೆಗಳು ಎರಡೂ ಕಡೆಯಿಂದ ಬಂದವು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಗರ್ಭಪಾತ ವಿರೋಧದ ಬಲ ಕುಂದುತ್ತದೆ ಎಂದರು ಕೆಲವರು. ತನ್ನ ದೇಹದ ಮೇಲೆ ಸ್ತ್ರೀಗಿರುವ ಅಧಿಕಾರವನ್ನು ಈ ನೀತಿ ಕಡೆಗಣಿಸುತ್ತದೆ ಎಂದರು ಮತ್ತೆ ಕೆಲವರು. ಬರ್ನಾರ್ಡಿನ್ ನಿಲುವು ಬದಲಿಸಲಿಲ್ಲ. ಕ್ಯಾನ್ಸರಿನಿಂದ ತಾವೇ ಮರಣಶಯ್ಯೆಯಲ್ಲಿದ್ದಾಗ, ವೈದ್ಯರ ನೆರವಿನ ಆತ್ಮಹತ್ಯೆಗೆ ಮನ್ನಣೆ ನೀಡಬಾರದೆಂದು ಸುಪ್ರೀಂ ಕೋರ್ಟಿಗೆ ಪತ್ರ ಬರೆದು, ಕೆಲವೇ ದಿನಗಳಲ್ಲಿ, 1996ರ ನವೆಂಬರ್ 14ರಂದು ದೇಹ ಬಿಟ್ಟರು. ಮುಂದೆ 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಮರಣದಂಡನೆ ಯಾವ ಸಂದರ್ಭದಲ್ಲಿಯೂ ಒಪ್ಪತಕ್ಕದ್ದಲ್ಲವೆಂದು ತಮ್ಮ ಚರ್ಚಿನ ಬೋಧನೆಯನ್ನೇ ತಿದ್ದಿದರು.

ಶರಣ ಪರಂಪರೆಯ ಬೆಳಕಿನಲ್ಲಿ

ಈ ನೀತಿಯನ್ನು ನಾವು ಪರಧರ್ಮದ ಮಾತೆಂದು ಬದಿಗಿಡಬೇಕಾಗಿಲ್ಲ. ಯಜ್ಞದ ಹೋತವನ್ನು ಕಂಡು ಮರುಗಿದವರು ಬಸವಣ್ಣನವರು. ಹರಳಯ್ಯ, ಮಧುವರಸರಿಗೆ ಕಲ್ಯಾಣದಲ್ಲಿ ವಿಧಿಸಲಾದ ಎಳೆಹೂಟೆಯ ಕ್ರೂರ ಶಿಕ್ಷೆಯನ್ನು ನಮ್ಮ ಪರಂಪರೆ ಇಂದಿಗೂ ಕಣ್ಣೀರಿನಿಂದ ನೆನೆಯುತ್ತದೆ. ಪ್ರಭುತ್ವವು ಪ್ರಾಣ ತೆಗೆಯುವುದೆಂದರೇನು ಎಂಬುದನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ. ಗರ್ಭಿಣಿಗೆ ಎಂಟನೆಯ ತಿಂಗಳು ತುಂಬುವಾಗ ಹೊಟ್ಟೆಯೊಳಗಿನ ಕೂಸಿಗೆಂದೇ ಗರ್ಭಲಿಂಗಧಾರಣೆ ಮಾಡಿಸುವ ಸಂಪ್ರದಾಯವೂ ನಮ್ಮಲ್ಲಿದೆ. ಇನ್ನೂ ಬೆಳಕು ಕಾಣದ ಜೀವವನ್ನು ಲಿಂಗವಂತನೆಂದು ಬರಮಾಡಿಕೊಳ್ಳುವ ಸಂಸ್ಕಾರವದು.

ಹೀಗಿದ್ದೂ ನಮ್ಮ ನಡೆಯನ್ನು ನಾವೇ ಪರೀಕ್ಷಿಸಿಕೊಳ್ಳಬೇಕಾಗಿದೆ. ಕೂಸು ಗಂಡೋ ಹೆಣ್ಣೋ ಎಂದು ಗುಟ್ಟಾಗಿ ಕೇಳಿ, ಹೆಣ್ಣೆಂದು ತಿಳಿದೊಡನೆ ತೆಗೆಸುವ ಪಾಪಕ್ಕೆ ತಡೆಯೊಡ್ಡಲು ದೇಶವು 1994ರಲ್ಲಿ ಕಾನೂನು ಮಾಡಬೇಕಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 2001ರ ಜನಗಣತಿಯಲ್ಲಿ 927 ಇದ್ದುದು, 2011ರಲ್ಲಿ 920ಕ್ಕಿಂತಲೂ ಕೆಳಗಿಳಿಯಿತು. ಸ್ತ್ರೀಗೆ ಇಷ್ಟಲಿಂಗದ ಅಧಿಕಾರವಿತ್ತ ಧರ್ಮದ ಮನೆಗಳಲ್ಲಿ ಇಂಥ ಪ್ರಶ್ನೆ ಹುಟ್ಟಲೇಬಾರದು.

ಹಾಗೆಂದು ದಯೆಯ ಹೆಸರಿನಲ್ಲಿ ತಾಯಿಯನ್ನು ಮರೆಯಲಾಗದು. ನಮ್ಮ ದೇಶದ 1971ರ ಕಾನೂನು ಮತ್ತು ಅದರ 2021ರ ತಿದ್ದುಪಡಿ, ತಾಯಿಯ ಪ್ರಾಣಕ್ಕೆ ಅಪಾಯವಿರುವ, ಅತ್ಯಾಚಾರಕ್ಕೊಳಗಾಗಿ ಗರ್ಭ ಧರಿಸಿರುವಂತಹ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಟ್ಟಿವೆ. ಅಂಥ ಸಂಕಟದಲ್ಲಿರುವವಳನ್ನು ದೂಷಿಸುವುದು ಮತ್ತೊಂದು ಹಿಂಸೆ. ಗಂಡ ಕೈಬಿಟ್ಟ, ಬಡತನದಲ್ಲಿ ಬೆಂದ, ಹೆಣ್ಣು ಹೆತ್ತಳೆಂದು ಹಳಿಸಿಕೊಂಡ ತಾಯಿಯ ಬೆನ್ನಿಗೆ ನಿಲ್ಲದವರು ಕೂಸಿನ ಪರವಾಗಿ ಆಡುವ ಮಾತಿಗೆ ಬೆಲೆಯಿಲ್ಲ. ಬಾಣಂತಿಯ ಆರೈಕೆ, ಅನಾಥ ಮಗುವಿಗೆ ಅನ್ನ ಮತ್ತು ಅಕ್ಷರ, ಒಂಟಿ ಹೆಣ್ಣಿಗೆ ಆಸರೆ ಇವೆಲ್ಲವೂ ದಾಸೋಹವೇ.

ಯುದ್ಧದ ಸುದ್ದಿ ಕೇಳಿದಾಗಲೂ ಇದೇ ಅಳತೆಗೋಲು ನಮ್ಮ ಕೈಯಲ್ಲಿರಬೇಕು. ಗಡಿಯನ್ನು ಕಾಯುವ ಯೋಧನನ್ನು ಗೌರವಿಸೋಣ. ಆದರೆ ಆಚೆ ಸತ್ತವರ ಸಂಖ್ಯೆ ಕೇಳಿ ಹಿಗ್ಗುವುದು ಶರಣರ ಲಕ್ಷಣವಲ್ಲ. ಆಚೆಯೂ ಒಬ್ಬ ತಾಯಿ ಅಳುತ್ತಿರುತ್ತಾಳೆ.

ತನಗೆ ಬೇಕಾದವರ ಮೇಲಷ್ಟೇ ಹರಿಯುವ ಕನಿಕರವು ಮಮಕಾರ. ಬೇಡವಾದ ಕೂಸು, ವೈರಿ, ಅಪರಾಧಿ ಇವರವರೆಗೂ ಹರಿದಾಗ ಅದು ದಯೆಯಾಗುತ್ತದೆ. ಸಕಲ ಜೀವಿಗಳ ಲೇಸನ್ನು ಬಯಸುವ ಭಕ್ತರು ಈ ಪರೀಕ್ಷೆಯನ್ನು ತಮ್ಮ ಮನೆಯಿಂದಲೇ ಆರಂಭಿಸಲಿ.