ಬಂದೂಕಿನ ಆಯ್ಕೆ (ಬಿಜಿಎಂಐ)

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಆಟದಲ್ಲಿ ಸಂದರ್ಭಕ್ಕೆ ತಕ್ಕ ಬಂದೂಕನ್ನು ಆರಿಸಿಕೊಳ್ಳುವ ಕ್ರಮ. ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆ 2021ರ ಜುಲೈ 2ರಂದು ಬಿಡುಗಡೆ ಮಾಡಿದ ಈ ಆಟವನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ತಾಲ್ಲೂಕುಗಳ ಯುವಜನರೂ ಆಡುತ್ತಾರೆ.

8×8 ಕಿ.ಮೀ. ವಿಸ್ತಾರದ ಎರಾಂಗೆಲ್ ನಕ್ಷೆಗೆ 100 ಆಟಗಾರರು ಬರಿಗೈಯಲ್ಲಿ ಇಳಿಯುತ್ತಾರೆ. ಬಂದೂಕು, ಗುಂಡುಗಳನ್ನು ಅಲ್ಲೇ ಹುಡುಕಬೇಕು. ದೊಡ್ಡ ಬಂದೂಕುಗಳನ್ನು ಎರಡು ಮಾತ್ರ ಹೊರಬಹುದಾದ್ದರಿಂದ, ಒಂದನ್ನು ಹತ್ತಿರದ ಕಾದಾಟಕ್ಕೂ ಇನ್ನೊಂದನ್ನು ದೂರದ ಗುರಿಗೂ ಇಟ್ಟುಕೊಳ್ಳುವುದು ವಾಡಿಕೆ.

ಎಕೆಎಂ ಬಂದೂಕು 7.62 ಮಿ.ಮೀ. ಗುಂಡು ಹಾರಿಸುತ್ತದೆ, ಪೆಟ್ಟು ಬಲವಾದದ್ದು, ಆದರೆ ಸತತವಾಗಿ ಹಾರಿಸಿದರೆ ಮೂತಿ ಮೇಲೇಳುತ್ತದೆ. 5.56 ಮಿ.ಮೀ.ನ ಎಂ416ರ ಪೆಟ್ಟು ಸ್ವಲ್ಪ ಕಡಿಮೆ. ಆದರೆ ಹಿಡಿಕೆ, ಹಿಂಬದಿಯ ಆನಿಕೆ ಜೋಡಿಸಬಹುದಾದ್ದರಿಂದ ಗುರಿ ತಪ್ಪುವುದೂ ಕಡಿಮೆ. ಈ ಎರಡೂ ಜೋಡಣೆಗಳು ಎಕೆಎಂಗೆ ಇಲ್ಲ. ಮನೆಯೊಳಗಿನ ಕಾದಾಟಕ್ಕೆ ಊಝಿ, ಬಯಲಿಗೆ ಕಾರ್98ಕೆ ಸ್ನೈಪರ್ ಒಪ್ಪುತ್ತವೆ.

ಹೊಸಬರಿಗೆ ಎಂ416 ಅತ್ಯಂತ ಸುರಕ್ಷಿತ ಆಯ್ಕೆ: ಬಲವಾದ ಪೆಟ್ಟಿಗಿಂತ ಕೈಗೆ ಹತೋಟಿ ಸಿಗುವ ಬಂದೂಕೇ ಪಂದ್ಯ ಗೆಲ್ಲಿಸುತ್ತದೆ.